ತಟ್ಟೆಯನ್ನು ಬರಿದಾಗಿ ಕಳುಹಿಸಬಾರದು

ಹಬ್ಬಗಳಿಗೆ ದಾಕ್ಷಿಣ್ಯವಿಲ್ಲ. ಯಾರ ಮನೆಯಲ್ಲಿ ದೀಪ ಉರಿಯುತ್ತಿದೆ, ಯಾರ ಮನೆಯಲ್ಲಿ ಆರಿದೆ ಎಂದು ವಿಚಾರಿಸಿಕೊಂಡು ಅವು ಬರುವುದಿಲ್ಲ. ಪಂಚಾಂಗದಲ್ಲಿ ಅಚ್ಚಾದ ದಿನಕ್ಕೆ ಸರಿಯಾಗಿ ಬಂದು ಹೊಸ್ತಿಲಲ್ಲಿ ನಿಲ್ಲುತ್ತವೆ. ಒಳಗಿರುವವರಿಗೆ ಬಾಗಿಲು ತೆರೆಯುವ ಮನಸ್ಸಿದೆಯೆ ಇಲ್ಲವೆ ಎಂಬುದು ಅವುಗಳಿಗೆ ಸಂಬಂಧಪಡದ ವಿಷಯ.

ಹಿಂದೂ ಕುಟುಂಬಗಳಲ್ಲಿ ಹಿರಿಯರು ಇದಕ್ಕೊಂದು ಉಪಾಯವನ್ನು ಕಂಡುಕೊಂಡಿದ್ದರು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ, ತೋರಣವಿಲ್ಲ, ಹೋಳಿಗೆಯಿಲ್ಲ. ಹೊರನೋಟಕ್ಕೆ ಇದೊಂದು ನಿಷೇಧ. ಆದರೆ ಅದರ ಒಡಲಲ್ಲಿ ಒಂದು ಕರುಣೆಯೂ ಅಡಗಿದೆ. ನಗಲಾರದವನನ್ನು ಆ ಒಂದು ವರ್ಷ ಯಾರೂ ನಗು ಎಂದು ಬಲವಂತ ಮಾಡುವಂತಿಲ್ಲ. ಕ್ರೈಸ್ತರ ಮನೆಗಳಲ್ಲಿಯೂ ಅಂಥ ವರ್ಷ ಸಡಗರ ತಗ್ಗುವುದುಂಟು. ಆದರೆ ಹಬ್ಬದ ಆರಾಧನೆಯನ್ನು ಬಿಡುವಂತಿಲ್ಲ. ಡಿಸೆಂಬರ್ 25ರ ಬೆಳಿಗ್ಗೆ ದೇವಾಲಯಕ್ಕೆ ಹೋಗಬೇಕು. ಲೋಕಕ್ಕೆಲ್ಲ ಸಂತೋಷವೆಂಬ ವಾರ್ತೆಯನ್ನು ಕೇಳಬೇಕು. ಅದಕ್ಕಿಂತ ಹೆಚ್ಚಾಗಿ, ದೇವರಿಗೆ ಕೃತಜ್ಞತೆಯನ್ನು ಸಲ್ಲಿಸಬೇಕು. ಮೊದಲೆರಡನ್ನು ಹೇಗೋ ನಿಭಾಯಿಸಬಹುದು. ಮೂರನೆಯದು?

ಮಂಗಳೂರಿನ ಬಲ್ಮಠದ ಆಸುಪಾಸಿನಲ್ಲಿ ಹಂಚಿನ ಮಾಡಿನ ಹಳೆಯ ಮನೆಯೊಂದಿದೆ. ಅದರ ಯಜಮಾನರು ನಿವೃತ್ತ ಕನ್ನಡ ಪಂಡಿತರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, 1865ರಲ್ಲಿ ಅಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರಷ್ಟೆ. ಪಂಡಿತರ ಮುತ್ತಜ್ಜ ಅಲ್ಲಿ ಜೇಡಿಮಣ್ಣು ತುಳಿದವರು. ಅಜ್ಜ ಮಿಷನ್ನಿನ ಶಾಲೆಯಲ್ಲಿ ಓದಿದರು. ಮೊಮ್ಮಗ ಮೂವತ್ತಮೂರು ವರ್ಷ ಹೈಸ್ಕೂಲಿನ ಮಕ್ಕಳಿಗೆ ಸಂಧಿ ಸಮಾಸಗಳನ್ನು ಹೇಳಿಕೊಟ್ಟರು. ಕಪಾಟಿನ ಮೇಲಿನ ಅರೆಯಲ್ಲಿ ಸತ್ಯವೇದ, ಅದರ ಪಕ್ಕದಲ್ಲಿ 1894ರಲ್ಲಿ ಮೊದಲು ಅಚ್ಚಾದ ಕಿಟ್ಟೆಲ್ ನಿಘಂಟಿನ ಒಂದು ಮರುಮುದ್ರಣ: ಇವೆರಡೂ ಅವರಿಗೆ ಬಲಗೈ ಎಡಗೈಗಳಿದ್ದಂತೆ.

ಕೆಲವು ವರ್ಷಗಳ ಹಿಂದೆ, ಜುಲೈ ತಿಂಗಳ ಜಡಿಮಳೆಯಲ್ಲಿ, ಅವರ ಪತ್ನಿ ತೀರಿಕೊಂಡರು. ನಲವತ್ತೊಂದು ವರ್ಷಗಳ ದಾಂಪತ್ಯ. ಆಕೆ ಹೆಚ್ಚು ಮಾತಿನವರಲ್ಲ. ಬೇಸಗೆಯ ಆರಂಭದಲ್ಲಿ ಮಾವಿನಮಿಡಿಯ ಉಪ್ಪಿನಕಾಯಿ ಹಾಕುವುದು, ಡಿಸೆಂಬರಿನಲ್ಲಿ ನೆರೆಕರೆಯ ಹನ್ನೊಂದು ಮನೆಗಳಿಗೆ ತಿಂಡಿಯ ತಟ್ಟೆ ಕಳುಹಿಸುವುದು, ಇವೆರಡರಲ್ಲಿ ಮಾತ್ರ ಆಕೆಯ ಹಟ ನಡೆಯುತ್ತಿತ್ತು. ಚಕ್ಕುಲಿ, ಕರ್ಜಿಕಾಯಿ, ಕಲ್‌ಕಲ್‌ಗಳನ್ನು ಒಪ್ಪವಾಗಿ ಜೋಡಿಸಿ, ಕೈಯಲ್ಲಿ ಹೆಣೆದ ಬಿಳಿಯ ವಸ್ತ್ರವನ್ನು ಹೊದೆಸಿ ಕಳುಹಿಸಿದ ತಟ್ಟೆ ಯಾವ ಮನೆಗೆ ಮೊದಲು ಹೋಗಬೇಕೆಂಬುದು ಕೂಡ ಆಕೆಗೆ ಬಾಯಿಪಾಠವಾಗಿತ್ತು.

ಆಕೆ ಹೋದ ಮೇಲೆ ಅಡಿಗೆಮನೆಯಲ್ಲಿ ಉಳಿದದ್ದು ಒಂದು ಭರಣಿ. ಆ ಏಪ್ರಿಲ್ ತಿಂಗಳಲ್ಲಿ ಆಕೆಯೇ ಹಾಕಿಟ್ಟ ಮಿಡಿ ಉಪ್ಪಿನಕಾಯಿ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಇತ್ತು. ಪಂಡಿತರು ಅದರ ಬಾಯಿಗೆ ಹೊಸ ಬಟ್ಟೆಯನ್ನು ಕಟ್ಟಿ, ತಮ್ಮ ಕೋಣೆಯ ಕಪಾಟಿನ ಕೆಳಗಿನ ಅರೆಯಲ್ಲಿಟ್ಟು ಬೀಗ ಹಾಕಿದರು. ಕಾರಣವನ್ನು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಆ ಭರಣಿ ಮುಗಿದರೆ ಆಕೆಯ ಕೈಯ ರುಚಿ ಲೋಕದಲ್ಲಿ ಮುಗಿದಂತೆಯೇ.

ದುಃಖದ ಮನೆಗೆ ಸಮಾಧಾನ ಹೇಳುವವರು ಬರುವುದು ಲೋಕಾರೂಢಿ. ಬಂದವರೆಲ್ಲರೂ ಸಜ್ಜನರೇ. ಆದರೆ ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತೂ ಗಾಯಕ್ಕೆ ತಾಗಿದರೆ ಉರಿಯದೆ ಇರುವುದಿಲ್ಲ. “ಎಲ್ಲವೂ ದೇವರ ಚಿತ್ತ, ಪಂಡಿತರೇ” ಎಂದರು ಒಬ್ಬರು. “ಎಲ್ಲಕ್ಕೂ ಸ್ತೋತ್ರ ಮಾಡಬೇಕೆಂದು ವೇದದಲ್ಲಿಯೇ ಇದೆಯಲ್ಲ” ಎಂದರು ಇನ್ನೊಬ್ಬರು. ಪಂಡಿತರು ತಲೆದೂಗಿದರು. ರಾತ್ರಿ ಒಬ್ಬರೇ ಕುಳಿತಾಗ ಆ ‘ಎಲ್ಲಕ್ಕೂ’ ಎಂಬ ಶಬ್ದ ಮುಳ್ಳಿನಂತೆ ಚುಚ್ಚತೊಡಗಿತು. ಎಲ್ಲಕ್ಕೂ ಎಂದರೆ ಜುಲೈ ತಿಂಗಳ ಆ ರಾತ್ರಿಗೂ ಸ್ತೋತ್ರವೆ? ಆಸ್ಪತ್ರೆಯ ಆ ಹಸುರು ಪರದೆಗೂ ಸ್ತೋತ್ರವೆ? ನಲವತ್ತೊಂದು ವರ್ಷ ಊಟದ ಮೇಜಿನಲ್ಲಿ ಗಟ್ಟಿಯಾಗಿ ಪ್ರಾರ್ಥನೆ ಹೇಳುತ್ತಿದ್ದವರು ಅಂದಿನಿಂದ ಅದನ್ನು ಬಾಯೊಳಗೆ ಗುನುಗಿ ಮುಗಿಸತೊಡಗಿದರು. ಕೆಲವು ದಿನ ಅದೂ ಇರಲಿಲ್ಲ. ತುಟಿ ಅಲುಗಿದಂತೆ ಮಾಡಿ, ಅನ್ನಕ್ಕೆ ಕೈಯಿಕ್ಕುತ್ತಿದ್ದರು. ಎದುರಿಗಿದ್ದ ಸೊಸೆಗೆ ಇದು ತಿಳಿಯದೆ ಇರಲಿಲ್ಲ.

ವ್ಯಾಕರಣವನ್ನು ಕಲಿಸಿದವರಿಗೆ ಒಂದು ಅಭ್ಯಾಸವಿರುತ್ತದೆ. ಮನಸ್ಸು ಕದಡಿದಾಗಲೂ ಅವರು ಶಬ್ದದ ಬಾಲವನ್ನು ಹಿಡಿದು ನೋಡದೆ ಬಿಡುವುದಿಲ್ಲ. ಒಂದು ರಾತ್ರಿ ಪಂಡಿತರು ಅಪೊಸ್ತಲ ಪೌಲನು ಥೆಸಲೊನೀಕದವರಿಗೆ ಬರೆದ ಮೊದಲನೆಯ ಪತ್ರಿಕೆಯನ್ನು ತೆರೆದು, ಕೊನೆಯ ಅಧ್ಯಾಯವನ್ನು ಓದಿದರು. ಕೃತಜ್ಞತೆಯನ್ನು ಸಲ್ಲಿಸಬೇಕೆಂಬ ಆಜ್ಞೆ ಅಲ್ಲಿರುವುದು ನಿಜ. ಆದರೆ ಗ್ರೀಕ್ ಮೂಲದ ಆ ಮಾತಿಗೆ ‘ಎಲ್ಲಕ್ಕೆ’ ಎಂಬ ಅರ್ಥವಿಲ್ಲ; ‘ಎಲ್ಲದರಲ್ಲಿ’ ಎಂಬ ಅರ್ಥವಿದೆ. ಚತುರ್ಥಿಯಲ್ಲ, ಸಪ್ತಮಿ! ಸಾವಿಗೆ ಅಲ್ಲ, ಸಾವಿನಲ್ಲಿ. ದುಃಖಕ್ಕೆ ಅಲ್ಲ, ದುಃಖದಲ್ಲಿ. ಪರೀಕ್ಷೆಯಲ್ಲಿ ಈ ತಪ್ಪನ್ನು ಮಾಡಿದ ಹುಡುಗರ ಅರ್ಧ ಅಂಕವನ್ನು ಅವರು ನಿರ್ದಾಕ್ಷಿಣ್ಯವಾಗಿ ಕಳೆಯುತ್ತಿದ್ದರು. ಒಂದು ಪ್ರತ್ಯಯದ ತಪ್ಪಿಗೆ ಮನುಷ್ಯನೊಬ್ಬ ಐದು ತಿಂಗಳ ನಿದ್ರೆಯನ್ನು ಕಳೆದುಕೊಳ್ಳಬಹುದೆಂದು ಅವರಿಗೆ ಆಗ ಹೊಳೆದಿರಲಿಲ್ಲ.

ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ‘ಎಲ್ಲಕ್ಕಾಗಿ’ ಎಂಬ ಅರ್ಥವೂ ಇದೆಯೆಂಬುದನ್ನು ಅವರು ಮರೆತಿರಲಿಲ್ಲ. ಅದು ಮೇಲಿನ ತರಗತಿಯ ಪಾಠ, ತಮಗಿನ್ನೂ ಬಾರದು ಎಂದು ಪ್ರಾಮಾಣಿಕವಾಗಿ ಪಕ್ಕಕ್ಕಿಟ್ಟರು. ಸದ್ಯಕ್ಕೆ ಸಪ್ತಮಿಯಷ್ಟು ಸಾಕಾಗಿತ್ತು.

ಆದರೂ ಸಂಶಯ ಉಳಿಯಿತು. ದುಃಖದ ಒಳಗೆ ನಿಂತು ಸ್ತೋತ್ರ ಹೇಳುವುದಾದರೆ, ಆ ದುಃಖವನ್ನು ಮೊದಲು ಒರೆಸಿಕೊಳ್ಳಬೇಡವೆ? ಕಣ್ಣೀರನ್ನು ಬಚ್ಚಿಟ್ಟು ಸ್ತುತಿ ಮಾಡಿದರೆ ಅದು ನಟನೆಯಾಗದೆ? ಇದಕ್ಕೆ ಉತ್ತರವನ್ನು ಅವರು ಯೋಹಾನನ ಸುವಾರ್ತೆಯಲ್ಲಿ ಕಂಡರು. ಬೇಥಾನ್ಯದಲ್ಲಿ ಲಾಜರನು ಸತ್ತು ನಾಲ್ಕು ದಿನಗಳಾಗಿದ್ದುವು. ಯೇಸುಸ್ವಾಮಿ ಅಲ್ಲಿಗೆ ಬಂದು ಅತ್ತರು. ಇನ್ನೊಂದು ಗಳಿಗೆಯಲ್ಲಿ ತಾವೇ ಅವನನ್ನು ಎಬ್ಬಿಸಲಿರುವವರು, ಆದರೂ ಅತ್ತರು. ಅದೇ ಸಮಾಧಿಯ ಮುಂದೆ, ಕಲ್ಲನ್ನು ಸರಿಸಿದ ಮೇಲೆ, ಕಣ್ಣೆತ್ತಿ ತಂದೆಗೆ ಕೃತಜ್ಞತೆಯನ್ನು ಸಲ್ಲಿಸಿದರು. ಅಳುವಿಗೂ ಸ್ತೋತ್ರಕ್ಕೂ ನಡುವೆ ಕೆಲವೇ ವಚನಗಳು. ಮುಖ ತೊಳೆದುಕೊಂಡು ಬಂದರೆಂದು ಎಲ್ಲಿಯೂ ಬರೆದಿಲ್ಲ.

ಕರ್ತನ ಭೋಜನದ ಕಥೆಯೂ ಇಂಥದೇ ಅಲ್ಲವೆ? ಹಿಡಿದುಕೊಡುವ ಶಿಷ್ಯನು ಊರಿನಲ್ಲಿಯೇ ಇದ್ದ ರಾತ್ರಿ ಅದು, ಬೆಳಗಾದರೆ ಶಿಲುಬೆ. ಆ ರಾತ್ರಿಯ ಮೇಜಿನಲ್ಲಿಯೇ ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರ ಮಾಡಿದ್ದು. ಆ ಸಂಸ್ಕಾರಕ್ಕೆ ಹಳೆಯ ಸಭೆಯವರು ಗ್ರೀಕಿನಲ್ಲಿ ಇಟ್ಟ ಹೆಸರಿಗೆ ಕೃತಜ್ಞತಾರ್ಪಣೆ ಎಂದೇ ಅರ್ಥ. ಇನ್ನು ಕ್ರಿಸ್ಮಸ್ ಹಬ್ಬವಾದರೂ ಕೇವಲ ನಗುವಿನ ಹಬ್ಬವೆ? ಪಶ್ಚಿಮ ಸಭೆಯ ಹಳೆಯ ಪಂಚಾಂಗದಲ್ಲಿ ಹಬ್ಬದ ಮರುದಿನ, ಡಿಸೆಂಬರ್ 26, ಕಲ್ಲೆಸೆತದಿಂದ ಸತ್ತ ಸ್ತೆಫನನ ದಿನ. ಡಿಸೆಂಬರ್ 28, ಹೆರೋದನ ಕತ್ತಿಗೆ ಬಲಿಯಾದ ಬೇತ್ಲೆಹೇಮಿನ ಹಸುಳೆಗಳ ದಿನ. ಆ ಊರಿನ ತಾಯಂದಿರು ಸಮಾಧಾನವನ್ನು ಒಲ್ಲೆವೆಂದು ಗೋಳಿಟ್ಟ ಸಂಗತಿಯನ್ನು ಮತ್ತಾಯನು ಅಡಗಿಸಲಿಲ್ಲ. ದೇವದೂತರ ಹಾಡಿಗೂ ಆ ಗೋಳಿಗೂ ಆ ವೃತ್ತಾಂತದಲ್ಲಿ ಎಡೆಯಿದೆ. ಪಂಚಾಂಗ ಮಾಡಿದವರಿಗೆ ಮನುಷ್ಯರ ಮನೆಗಳ ಪರಿಚಯ ಚೆನ್ನಾಗಿಯೇ ಇತ್ತು.

ಕರಾವಳಿಯ ಪ್ರೊಟೆಸ್ಟಂಟ್ ದೇವಾಲಯಗಳಲ್ಲಿ ಜರ್ಮನ್ ರಾಗಗಳು ಇಂದಿಗೂ ಕೇಳಿಬರುತ್ತವೆ. ಮಿಷನ್ನಿನವರು ಬಿಟ್ಟುಹೋದ ಸ್ವತ್ತು ಅದು. ಜರ್ಮನರ ಕೃತಜ್ಞತಾಗೀತೆಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದನ್ನು ಬರೆದವನು ಮಾರ್ಟಿನ್ ರಿಂಕಾರ್ಟ್. ಅವನ ಕಥೆಯನ್ನು ಪಂಡಿತರು ಭಾನುವಾರದ ಶಾಲೆಯ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದರು. ಸ್ಯಾಕ್ಸನಿಯ ಐಲೆನ್‌ಬುರ್ಗ್ ಎಂಬ ಊರಿನಲ್ಲಿ 1586ರಲ್ಲಿ ಹುಟ್ಟಿದವನು. 1617ರಿಂದ ಅಲ್ಲಿಯೇ ಸಭಾಪಾಲಕ. ಮರುವರ್ಷ, 1618ರಲ್ಲಿ, ಮೂವತ್ತು ವರ್ಷಗಳ ಯುದ್ಧ ಹತ್ತಿಕೊಂಡಿತು. ಕೋಟೆಗೋಡೆಯಿದ್ದ ಊರೆಂದು ಸುತ್ತಣ ಹಳ್ಳಿಗಳ ನಿರಾಶ್ರಿತರು ಅಲ್ಲಿಗೆ ಬಂದು ತುಂಬಿಕೊಂಡರು. 1637ರಲ್ಲಿ ಮಹಾಮಾರಿ ಬಂತು. ಉಳಿದ ಸಭಾಪಾಲಕರಲ್ಲಿ ಸತ್ತವರು ಸತ್ತು, ಹೋದವರು ಹೋಗಿ, ರಿಂಕಾರ್ಟ್ ಒಬ್ಬನೇ ನಿಂತ. ಒಂದೊಂದು ದಿನ ನಲವತ್ತು ಐವತ್ತು ಶವಗಳು. ಆ ವರ್ಷ ಅವನು ನಾಲ್ಕು ಸಾವಿರಕ್ಕೂ ಮಿಕ್ಕಿದ ಶವಸಂಸ್ಕಾರಗಳನ್ನು ನಡೆಸಿದನೆಂದು ಹೇಳುತ್ತಾರೆ. ಮೇ ತಿಂಗಳಿನಲ್ಲಿ ಅವುಗಳೊಳಗೆ ಅವನ ಹೆಂಡತಿಯದೂ ಒಂದಾಯಿತು.

ಮಕ್ಕಳಿಗೆ ಹೇಳುವಾಗ ಪಂಡಿತರು ಇದನ್ನು ವೀರಗಾಥೆಯಂತೆ ಹೇಳುತ್ತಿದ್ದರು: ಅಷ್ಟೊಂದು ಸಾವುಗಳ ನಡುವೆ ನಿಂತು ಆ ಮಹಾಪುರುಷನು ಕೃತಜ್ಞತಾಗೀತೆಯನ್ನು ಬರೆದ! ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ಆದರೆ ತಮ್ಮ ಮನೆಯಲ್ಲಿಯೇ ಸಾವಾದ ಮೇಲೆ ಅದೇ ಕಥೆ ಅವರಿಗೆ ಭಾರವಾಯಿತು. ಅಂಥ ವೀರನ ಮುಂದೆ ತಾವೆಲ್ಲಿ? ಅವನು ನಾಲ್ಕು ಸಾವಿರ ಗೋರಿಗಳ ಮುಂದೆ ಹಾಡಿದ. ತಾವು ಒಂದೇ ಗೋರಿಯ ಮುಂದೆ ಮೂಕರಾದರಲ್ಲ!

ಆ ಡಿಸೆಂಬರಿನಲ್ಲಿ ಹಳೆಯ ಪುಸ್ತಕವೊಂದನ್ನು ತಿರುವುತ್ತಿದ್ದಾಗ ಕಥೆಯ ಇನ್ನೊಂದು ಮಗ್ಗುಲು ಅವರ ಕಣ್ಣಿಗೆ ಬಿತ್ತು. ಆ ಗೀತೆ ಮಹಾಮಾರಿಯ ನಡುವೆ ಹುಟ್ಟಿದ್ದಲ್ಲ, ಅದಕ್ಕೆ ಮೊದಲೇ ರಚಿತವಾಗಿತ್ತೆಂದು ವಿದ್ವಾಂಸರಲ್ಲಿ ಅನೇಕರ ಅಭಿಪ್ರಾಯ. ಅದಕ್ಕಿದ್ದ ಶೀರ್ಷಿಕೆಯೂ ಬಹಳ ಸಣ್ಣದು: ಊಟದ ಒಂದು ಕಿರುಪ್ರಾರ್ಥನೆ ಎಂದಷ್ಟೆ ಅರ್ಥ. ಮನೆಯವರು ಮೇಜಿನ ಸುತ್ತ ಕುಳಿತು ಹೇಳಲಿಕ್ಕೆಂದು ಬರೆದ ಮಾತು ಅದು. 1648ರಲ್ಲಿ ಶಾಂತಿಯಾದ ಮೇಲೆ ಅದು ನಾಡಿನ ಹಾಡಾಯಿತು. 1757ರ ಡಿಸೆಂಬರಿನಲ್ಲಿ ಲೊಯ್ಟೆನ್ ಯುದ್ಧಭೂಮಿಯಲ್ಲಿ ಪ್ರಷ್ಯದ ಸೈನಿಕರ ಕಂಠಕ್ಕೂ ಏರಿತು. ಹುಟ್ಟಿದ್ದು ಮಾತ್ರ ರೊಟ್ಟಿ ಗಂಜಿಗಳ ಮುಂದೆ.

ಪಂಡಿತರು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಕುಳಿತರು. ಹಾಗಾದರೆ ರಿಂಕಾರ್ಟನು ದುಃಖದ ನಡುವೆ ಹೊಸದಾಗಿ ಕೃತಜ್ಞತೆಯನ್ನು ಹುಡುಕಿಕೊಂಡು ಹೋದವನಲ್ಲ. ಸುಖದ ದಿನಗಳಲ್ಲಿ ಮೇಜಿನ ಮುಂದೆ ರೂಢಿಸಿಕೊಂಡ ನಾಲ್ಕು ಮಾತುಗಳಿದ್ದುವು; ಹೆಂಡತಿಯ ಜಾಗ ಬರಿದಾದ ಸಂಜೆಯೂ ಆ ಮಾತುಗಳು ಮನೆಯಲ್ಲಿದ್ದುವು. ಅಂದು ಅವನು ಅವನ್ನು ಹೇಳಿದನೆ, ಅರ್ಧಕ್ಕೆ ನಿಲ್ಲಿಸಿದನೆ ಎಂಬುದನ್ನು ಚರಿತ್ರೆ ಬರೆದಿಟ್ಟಿಲ್ಲ. ಅದು ಅಂಥ ಸಂಜೆಯನ್ನು ಕಂಡವರು ಮಾತ್ರ ಊಹಿಸಬಹುದಾದ ವಿಷಯ.

ಅಂದು ರಾತ್ರಿ ಪಂಡಿತರು ತಾವು ಸಾವಿರ ಸಲ ಬಳಸಿದ್ದ ಒಂದು ಶಬ್ದವನ್ನು ಹೊಸದಾಗಿ ಬಿಡಿಸಿ ನೋಡಿದರು. ಕೃತಜ್ಞ: ಕೃತವನ್ನು, ಎಂದರೆ ಮಾಡಿದ್ದನ್ನು, ತಿಳಿದವನು. ಮಾಡಿದ್ದನ್ನು ಅರಿತಿರುವವನು ಎಂದಷ್ಟೆ ಅದರ ಅರ್ಥ, ಸಂತೋಷವಾಗಿರುವವನು ಎಂದಲ್ಲ. ಕನ್ನಡದಲ್ಲಿ ಅದಕ್ಕೆ ಉಪಕಾರಸ್ಮರಣೆ ಎಂಬ ಇನ್ನೊಂದು ಮಾತಿದೆ. ಅಲ್ಲಿಯೂ ಮುಖ್ಯವಾದದ್ದು ಸ್ಮರಣೆಯೇ. ಹಾಗಿದ್ದರೆ ಈ ಐದು ತಿಂಗಳಿಂದ ತಾವು ಹಗಲಿರುಳು ಮಾಡುತ್ತಿದ್ದುದೇನು? ಆಕೆ ಮಾಡಿದ್ದನ್ನು ನೆನೆಯುತ್ತಿದ್ದುದೇ ಅಲ್ಲವೆ? ನಲವತ್ತೊಂದು ವರ್ಷಗಳ ಕಾಫಿ, ಮಡಿಸಿಟ್ಟ ಪಂಚೆ, ಜ್ವರ ಬಂದಾಗ ಹಣೆಯ ಮೇಲಿಟ್ಟ ಒದ್ದೆ ಬಟ್ಟೆ. ಅದನ್ನು ತಾವು ದುಃಖ ಎಂದು ಕರೆದಿದ್ದರು. ದುಃಖವೆಂಬುದು ನಿಜ. ಆದರೆ ಅದೇ ಸ್ಮರಣೆಯನ್ನು ಕೊಟ್ಟವನ ಕಡೆಗೆ ಮುಖಮಾಡಿ ಹೇಳಿದರೆ ಅದಕ್ಕೆ ಸ್ತೋತ್ರವೆಂಬ ಹೆಸರಾಗುವುದಲ್ಲವೆ? ಬೇರೊಂದು ಹೃದಯವನ್ನು ಎಲ್ಲಿಂದಲೋ ತರಬೇಕಾಗಿಲ್ಲ. ಇರುವ ಹೃದಯವನ್ನು ಕೊಂಚ ತಿರುಗಿಸಿದರೆ ಸಾಕು.

ತಿರುಗಿಸುವುದು ಸುಲಭವೆಂದಲ್ಲ. ಡಿಸೆಂಬರ್ 24ರ ಬೆಳಿಗ್ಗೆಯವರೆಗೂ ಅದು ವಿಚಾರವಾಗಿಯೇ ಉಳಿದಿತ್ತು.

ಆ ವರ್ಷ ಮನೆಯಲ್ಲಿ ತಿಂಡಿ ಮಾಡಿರಲಿಲ್ಲ. ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು ಇದ್ದರು. ನಕ್ಷತ್ರವನ್ನು ಮಾತ್ರ ಮಗು ಹಟ ಹಿಡಿದು ಜಗಲಿಗೆ ಕಟ್ಟಿಸಿತ್ತು. ಹತ್ತು ಗಂಟೆಯ ಹೊತ್ತಿಗೆ ಮೊದಲನೆಯ ತಟ್ಟೆ ಬಂತು. ಹಿಂದಿನ ಮನೆಯ ಬ್ಯಾರಿ ಕುಟುಂಬದ ಹಿರಿಯಾಕೆ ತಾವೇ ಹೊತ್ತು ತಂದಿದ್ದರು. “ಮಾಸ್ಟ್ರೇ, ಅಮ್ಮ ಇದ್ದಾಗ ಪ್ರತಿವರ್ಷ ನಮಗೆ ಬರುತ್ತಿತ್ತು. ಈ ವರ್ಷ ನಮ್ಮದು ಇಲ್ಲಿಗೆ ಬರಲಿ” ಎಂದು ಮೇಜಿನ ಮೇಲಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಎದುರುಮನೆಯ ಭಟ್ಟರ ಮನೆಯಿಂದ ಹೋಳಿಗೆ, ಓಣಿಯ ತಿರುವಿನ ಕೊಂಕಣಿ ಕ್ರೈಸ್ತರ ಮನೆಯಿಂದ ಕುಸ್ವಾರ್. ಮಧ್ಯಾಹ್ನದೊಳಗೆ ಮೇಜಿನ ಮೇಲೆ ಏಳು ತಟ್ಟೆಗಳಾದುವು. ಅವರವರಲ್ಲಿ ಮಾತುಕತೆ ನಡೆದಿತ್ತೋ, ಎಲ್ಲರಿಗೂ ಒಂದೇ ಯೋಚನೆ ತೋರಿತೋ ತಿಳಿಯದು.

ಸೊಸೆ ತಟ್ಟೆಗಳನ್ನು ಬರಿದುಮಾಡಿ ತೊಳೆದು ಒರೆಸಿದಳು. ಆಮೇಲೆ ಬಾಗಿಲಲ್ಲಿ ಬಂದು ನಿಂತಳು.

“ಮಾವ, ತಟ್ಟೆಗಳನ್ನು ಹಿಂದೆ ಕಳುಹಿಸಬೇಕು. ಬರಿದಾಗಿ ಕಳುಹಿಸಿದರೆ ಅತ್ತೆಗೆ ಆಗುತ್ತಿರಲಿಲ್ಲ. ಮನೆಯಲ್ಲಿ ಸಕ್ಕರೆ ಬಿಟ್ಟರೆ ಏನೂ ಇಲ್ಲ.”

ಕೊಟ್ಟುಬಂದ ತಟ್ಟೆಯನ್ನು ಬರಿದಾಗಿ ಮರಳಿಸಬಾರದೆಂಬುದು ಈ ನಾಡಿನ ಎಲ್ಲ ಜಾತಿಮತಗಳ ಹೆಂಗಸರು ಬಲ್ಲ ಶಾಸ್ತ್ರ. ಬಂದದ್ದಕ್ಕೆ ಅದು ಬೆಲೆಯಲ್ಲ. ಒಂದು ಚಮಚ ಸಕ್ಕರೆಯಿಂದ ಹೋಳಿಗೆಯ ಋಣ ತೀರುವುದಿಲ್ಲವೆಂದು ಯಾರಿಗೆ ತಿಳಿಯದು? ನಿಮ್ಮ ಕೈಯಿಂದ ಬಂತು, ನಮಗೆ ನೆನಪಿದೆ ಎಂಬ ಒಂದು ಗುರುತು ಅದು.

ಪಂಡಿತರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ ಎದ್ದು ಕೋಣೆಗೆ ಹೋದರು. ಕಪಾಟಿನ ಬೀಗ ತೆಗೆದ ಸದ್ದು ಕೇಳಿಸಿತು. ಭರಣಿಯನ್ನು ಎರಡು ಕೈಗಳಲ್ಲಿ ಹಿಡಿದು ತಂದು, ಬಾಯಿಯ ಬಟ್ಟೆಯನ್ನು ಬಿಚ್ಚಿದರು. ಸಾಸಿವೆ ಮೆಣಸುಗಳ ವಾಸನೆ ಜುಲೈ ತಿಂಗಳ ಬಳಿಕ ಮೊದಲ ಸಲ ಆ ಅಡಿಗೆಮನೆಯಲ್ಲಿ ಹರಡಿತು. ಸೊಸೆ “ಬೇಡ ಮಾವ, ಸಕ್ಕರೆಯೇ ಸಾಕು” ಎಂದಳು. ಅವರು ಕೇಳಲಿಲ್ಲ. ಏಳು ಬಾಳೆಲೆಯ ತುಂಡುಗಳನ್ನು ತರಿಸಿ, ಒಂದೊಂದು ತಟ್ಟೆಗೆ ಮೂರು ಮೂರು ಮಿಡಿಗಳನ್ನು ಅಳತೆ ತಪ್ಪದಂತೆ ಬಡಿಸಿದರು. ಎಂಟು ಮನೆಗಳಿಗಾಗುವಷ್ಟು ಕಣ್ಣೀರು ಸೊಸೆಯ ಕಣ್ಣಲ್ಲಿತ್ತು. ಅವರ ಕೈ ಮಾತ್ರ ನಡುಗಲಿಲ್ಲ. ಮೊಮ್ಮಗಳು ತಟ್ಟೆಗಳನ್ನು ಹೊತ್ತು ಮನೆಮನೆಗೆ ಹೋದಳು. ಬ್ಯಾರಿಗಳ ಮನೆಯ ಹಿರಿಯಾಕೆ ಎಲೆಯನ್ನು ಬಿಚ್ಚಿ ನೋಡಿ, ಮಾತಾಡದೆ ಮಗುವಿನ ತಲೆಯನ್ನು ಸವರಿದರಂತೆ.

ಮರುದಿನ ದೇವಾಲಯದಿಂದ ಬಂದು ಎಲ್ಲರೂ ಊಟಕ್ಕೆ ಕುಳಿತರು. ಆಕೆಯ ಕುರ್ಚಿಯನ್ನು ತೆಗೆಯಬೇಕೆ, ಇರಿಸಬೇಕೆ ಎಂದು ಮಗ ಹಿಂದಿನ ರಾತ್ರಿಯೇ ಯೋಚಿಸಿದ್ದ. ಕಡೆಗೆ ಇದ್ದಲ್ಲಿಯೇ ಇತ್ತು. ಪ್ರಾರ್ಥನೆಯನ್ನು ತಾನು ಹೇಳುವುದೆ ಎಂದು ಅವನು ತಂದೆಯ ಮುಖವನ್ನು ನೋಡಿದ. ಪಂಡಿತರು ತಲೆಯಾಡಿಸಿ, ಕಣ್ಣು ಮುಚ್ಚಿ, ತಾವೇ ಆರಂಭಿಸಿದರು. ಗಟ್ಟಿಯಾದ ದನಿ, ಮನೆಯವರು ಐದು ತಿಂಗಳಿಂದ ಕೇಳದಿದ್ದ ದನಿ. ಅನ್ನಕ್ಕಾಗಿ ಸ್ತೋತ್ರ ಹೇಳಿದರು. ನೆರೆಮನೆಯವರಿಗಾಗಿ ಹೇಳಿದರು. ನಲವತ್ತೊಂದು ವರ್ಷಗಳಿಗಾಗಿ ಹೇಳಿದರು. ಜುಲೈ ತಿಂಗಳ ಆ ರಾತ್ರಿಯ ಮಾತನ್ನು ಎತ್ತಲಿಲ್ಲ. ಅದಕ್ಕಾಗಿ ಸ್ತೋತ್ರ ಹೇಳಲು ಅವರಿಗೆ ಇನ್ನೂ ಬಾರದು, ಬಾರದೆಂಬುದು ದೇವರಿಗೂ ಗೊತ್ತು. ಆಕೆಯ ಹೆಸರನ್ನು ಹೇಳುವಲ್ಲಿ ದನಿ ಕಟ್ಟಿತು. ಮೇಜಿನ ಸುತ್ತ ಯಾರೂ ಅಲುಗಲಿಲ್ಲ. ಆಗ ಮೊಮ್ಮಗಳು, ದಿನವೂ ಕೇಳಿ ಕಲಿತ ಕೊನೆಯ ಮಾತನ್ನು ತನ್ನ ಎಳೆಯ ದನಿಯಲ್ಲಿ ಹೇಳಿ ಮುಗಿಸಿ, ಆಮೆನ್ ಎಂದಳು. ಪಂಡಿತರು ಕಣ್ಣು ತೆರೆದು, ಅವಳ ಎಲೆಗೆ ಮೊದಲು ಬಡಿಸುವಂತೆ ಸೊಸೆಗೆ ಕೈಸನ್ನೆ ಮಾಡಿದರು.

ಭರಣಿಯನ್ನು ಅವರು ಮತ್ತೆ ಕಪಾಟಿನಲ್ಲಿಡಲಿಲ್ಲ. ಅದು ಊಟದ ಮೇಜಿನ ಮೇಲೆಯೇ ಉಳಿಯಿತು. ಫೆಬ್ರವರಿಯ ಕೊನೆಗೆ ಅದರಲ್ಲಿದ್ದ ಕಡೆಯ ಮಿಡಿಯೂ ಮುಗಿಯಿತು. ಏಪ್ರಿಲ್ ತಿಂಗಳಿನಲ್ಲಿ, ಪೇಟೆಯಲ್ಲಿ ಮಿಡಿ ಬಂದಿದೆಯೆಂದು ಯಾರೋ ಹೇಳಿದಾಗ, ಪಂಡಿತರು ಚೀಲವನ್ನು ತೆಗೆದುಕೊಂಡು ತಾವೇ ಹೊರಟರು.